ಬೆರಕೆ ಬೀಜ

ಮುಂದಿದ್ದ ಶವದ ಕಾರು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದ್ದನ್ನು ಕಂಡು ಊನಾ ಡ್ರೈವರನ ಸೀಟಿನ ಬೆನ್ನಿಗೆ ಅಂಗೈಯಿಂದ ಬಡಿದಳು.

"ಹಾರ್ನ್ ಹಾಕಪ್ಪ. ಹಿಂದೆ ಬರಬೇಡ ಅಂತ ಹೇಳು ಅವನಿಗೆ."

ಒಂದೇ ಗಾಡಿ ಹಿಡಿಯುವ ರಸ್ತೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕೊಲ್ಲಿಯ ನೀರು. ತಿರುವಿನಲ್ಲಿ ಎದುರಾದ ಲಾರಿ ಮೂತಿಗೆ ಮೂತಿ ತಾಗುವಂತೆ ನಿಂತಿತ್ತು. ದಾರಿ ಬಿಡಲು ಅಗಲ ಮಾಡಿದ್ದ ಜಾಗ ಇವರ ಹಿಂದೆಯೇ ಇತ್ತು. ಲಾರಿ ಹಿಂದೆ ಹೋಗಬೇಕಾದರೆ ಏರು ಹತ್ತಿ ತಿರುವು ದಾಟಬೇಕು.

"ಅಮ್ಮ, ಎರಡು ನಿಮಿಷದ ಕೆಲಸ. ನಾವೇ ಸರಿದರಾಯ್ತು," ಎಂದಳು ಪಕ್ಕದಲ್ಲಿದ್ದ ಮಗಳು ಮಾರ್ಸಲಿ.

"ನಿಮ್ಮಪ್ಪ ಸರಿದದ್ದು ಸಾಕು. ಇವತ್ತು ಅವರು ಸರೀಲಿ."

ಶವಸಂಸ್ಕಾರದ ಏರ್ಪಾಟು ನೋಡಿಕೊಳ್ಳುತ್ತಿದ್ದ ಕ್ರೈಟನ್ ಇಳಿದು ಬಂದ. ಉದ್ದನೆಯ ಕರಿ ಟೋಪಿಯನ್ನು ಗಾಳಿ ಹಾರಿಸದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು ಕಿಟಕಿಗೆ ಬಗ್ಗಿದ.

"ಕ್ರೈಟನ್, ಆ ಲಾರೀಲಿ ಏನಿದೆ?"

"ಪಚ್ಚಿಲೆ ಇರಬೇಕಮ್ಮ. ಹಿಂದಿನಿಂದ ನೀರು ಸೋರ್ತಾ ಇದೆ."

"ಯಾರದ್ದು?"

ಕ್ರೈಟನ್ ಕೊಲ್ಲಿಯಲ್ಲಿ ಸಾಲಾಗಿ ತೇಲುತ್ತಿದ್ದ ಬೂದು ಪ್ಲಾಸ್ಟಿಕ್ ತೇಲುಬುರುಡೆಗಳ ಕಡೆಗೆ ನೋಡಿದ. ಆ ಬುರುಡೆಗಳ ಕೆಳಗೆ ನೀರಿನಲ್ಲಿ ಹಗ್ಗಗಳು, ಹಗ್ಗಗಳ ತುಂಬ ಕಪ್ಪುನೀಲಿ ಚಿಪ್ಪಿನೊಳಗೆ ಮಾಂಸವಿರುವ ಪಚ್ಚಿಲೆ. ಅಷ್ಟೂ ಊನಾಳ ತಮ್ಮ ಡೂಗಲ್‌ನದು.

"ನನ್ನ ತಮ್ಮನ ಪಚ್ಚಿಲೆಗೆ ನನ್ನ ಗಂಡನ ಹೆಣ ದಾರಿ ಬಿಡೋದಿಲ್ಲ. ಹೋಗಿ ಹೇಳು."

ಲಾರಿಯವನು ಪೂರ್ವದ ಕಡೆಯ, ಪಚ್ಚಿಲೆ ಬೇಯಿಸುವ ಕಾರ್ಖಾನೆಯಿಂದ ಬಂದವನು. ಊರಿನ ಸಂಗತಿ ಅವನಿಗೇನು ಗೊತ್ತು? ಗಾಜಿನೊಳಗೆ ಪೆಟ್ಟಿಗೆಯನ್ನೂ ಅದರ ಮೇಲಿನ ಹೂವನ್ನೂ ಕಂಡವನೇ ಉಣ್ಣೆಯ ಟೋಪಿ ತೆಗೆದು, ಕೀಂ ಕೀಂ ಎಂದು ಸದ್ದು ಮಾಡಿಕೊಂಡು ಹಿಮ್ಮುಖವಾಗಿ ಏರು ಹತ್ತಿದ. ಫಾರ್ಕರ್ ಮೆಕ್‌ಫೇಲ್‌ನ ಹೆಣ ಹೊತ್ತ ಕಾರು ಲಾರಿ ಸುರಿಸಿ ಹೋದ ಉಪ್ಪುನೀರಿನ ಮೇಲೆ ಚಕ್ರ ಉರುಳಿಸುತ್ತ ಮುಂದೆ ಸಾಗಿತು.

*

ಲಾಖ್ ವೋರಿ ಎಂಬ ಆ ಕೊಲ್ಲಿಯ ನೀರಿಗೆ ಮೊದಲ ಹಗ್ಗ ಇಳಿಬಿಟ್ಟವನು ಫಾರ್ಕರ್. ಆಗ ಅವನು ಗುಡ್ಡದ ಮೇಲೆ ಸ್ಪ್ರೂಸ್ ಸಸಿ ನೆಡುವ ಕೂಲಿ. ಹಳೆಯ ಪೀಪಾಯಿಗಳಿಗೆ ಮರದ ಗಳು ಕಟ್ಟಿ ತೆಪ್ಪ ಮಾಡಿ, ಅದರಿಂದ ಹಗ್ಗ ಇಳಿಬಿಡುತ್ತಿದ್ದರೆ ಊರಿನವರು ದಂಡೆಯಲ್ಲಿ ನಿಂತು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಹೆಕ್ಟರ್.

"ಬಂಡೆ ಮೇಲೆ ಪುಕ್ಕಟೆ ಸಿಗೋ ಪಚ್ಚಿಲೆಗೆ ಜೋಕಾಲಿ ಕಟ್ತಿದೀಯಲ್ಲೋ ಮಾರಾಯ! ಜೋಗುಳಾನೂ ಹಾಡ್ತೀಯಾ?"

ವಸಂತದಲ್ಲಿ ಪಚ್ಚಿಲೆಯ ಬೀಜ ಕಣ್ಣಿಗೆ ಕಾಣದ ದೂಳಿನ ಹಾಗೆ ನೀರಲ್ಲಿ ತೇಲಿಬಂದು ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಮೂರನೆಯ ವರ್ಷ ಫಾರ್ಕರ್ ಮೇಲೆತ್ತಿದ ಹಗ್ಗ ಗಂಡಸಿನ ತೊಡೆಯಷ್ಟು ದಪ್ಪವಿತ್ತು. ಆಮೇಲೆ ಯಾರೂ ನಗಲಿಲ್ಲ. ಹೆಕ್ಟರ್ ಒಂದು ತೆಪ್ಪ ಹಾಕಿದ, ಮೆಕ್‌ಇಂಟೈರ್ ಅಣ್ಣತಮ್ಮಂದಿರು ಒಂದು, ಕೆಳದಂಡೆಯ ನೀಲ್ ಒಂದು. ಡೂಗಲ್ ಮೀನಿನ ದೋಣಿ ಮಾರಿ ಕೆನಡಾಕ್ಕೆ ಹೊರಟು ನಿಂತಿದ್ದ. ಅವನನ್ನು ತಡೆದವನು ಫಾರ್ಕರ್. ಒಂದು ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕೂತು ಭಾವಮೈದುನನ ಹಗ್ಗಗಳನ್ನೆಲ್ಲ ತಾನೇ ಹೆಣೆದುಕೊಟ್ಟ.

ಫಾರ್ಕರ್ ಮಾತ್ರ ಪಚ್ಚಿಲೆ ತಿನ್ನುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಊನಾ ಬೆಣ್ಣೆ, ಈರುಳ್ಳಿ ಹಾಕಿ ಒಂದು ಪಾತ್ರೆ ತುಂಬ ಬೇಯಿಸಿಟ್ಟರೆ, ಅವನು ಬರೀ ರಸದಲ್ಲಿ ಬ್ರೆಡ್ಡು ಅದ್ದಿಕೊಂಡು ಎದ್ದುಬಿಟ್ಟಿದ್ದ. "ಯಾಕೆ?" ಎಂದರೆ, "ಗೊಣ್ಣೆ ತಿಂದ ಹಾಗಾಗುತ್ತೆ ಕಣೆ. ಯಾರಿಗೂ ಹೇಳಬೇಡ," ಎಂದಿದ್ದ.

ಮಾರ್ಸಲಿ ನರ್ಸಿಂಗ್ ಓದಲು ಹೋದ ವರ್ಷ ಚಿಪ್ಪು ಒಡೆಯತೊಡಗಿತು. ಗಾತ್ರದ ಮೇಲೆ ವಿಂಗಡಿಸುವ ಯಂತ್ರಕ್ಕೆ ಹಾಕಿದರೆ ಆ ಬದಿಯಿಂದ ಚೂರುಗಳು ಬರುತ್ತಿದ್ದವು. ಯಂತ್ರದ ಹಲ್ಲು ಕೆಟ್ಟಿದೆ ಎಂದುಕೊಂಡು ಹೊಸ ಹಲ್ಲು ಹಾಕಿಸಿದರು. ಆದರೂ ಒಡೆಯಿತು. ಹೋಟೆಲುಗಳಿಗೆ ಕೊಡುವ ವ್ಯಾಪಾರಿ ಒಂದು ಲಾರಿ ಮಾಲನ್ನು ಹಾಗೇ ವಾಪಸು ಕಳಿಸಿದ. ಅಲ್ಲಿಂದ ಶುರುವಾಯಿತು. ಯಾರೋ ಹೊರಗಿನ ಬೀಜ ತಂದು ಸುರಿದಿದ್ದಾರೆ ಎಂದು ಒಬ್ಬರು ಇನ್ನೊಬ್ಬರ ದೋಣಿಯನ್ನು ಇಣುಕಿ ನೋಡುವ ಕಾಲ ಬಂತು.

ಪ್ರಯೋಗಾಲಯದಿಂದ ಒಬ್ಬಳು ಹುಡುಗಿ ಬಂದಳು. ಐದೂ ಮನೆಯವರ ಹಗ್ಗದಿಂದ ಪಚ್ಚಿಲೆ ಕಿತ್ತು, ಚೂರು ಮಾಂಸ ಕೊಳವೆಯಲ್ಲಿಟ್ಟುಕೊಂಡು ಹೋದಳು. ಒಂದೆರಡು ತಿಂಗಳಾದ ಮೇಲೆ ಊರ ಹಾಲ್‌ನಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದಳು.

"ಇಲ್ಲಿ ಎರಡು ಜಾತಿ ಇವೆ. ಒಂದು ನಿಮ್ಮ ಗಟ್ಟಿ ಚಿಪ್ಪಿಂದು. ಇನ್ನೊಂದು ಚಳಿ ನೀರಿನ ಕಡೇದು, ಅದರ ಚಿಪ್ಪು ತೆಳು. ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ, ಅಷ್ಟು ಹತ್ತಿರದ ನೆಂಟರು. ಈಗ ಎರಡೂ ಕೂಡಿಕೊಂಡು ಬೆರಕೆ ಆಗ್ತಿದೆ. ಆ ಬೆರಕೆ ಮತ್ತೆ ಎರಡರ ಜೊತೇನೂ ಕೂಡುತ್ತೆ. ಹಾಗಾಗಿ ಯಾವುದು ಯಾವುದು ಅಂತ ಗೆರೆ ಎಳೆಯೋಕಾಗ್ತಿಲ್ಲ."

"ತಂದವರು ಯಾರು, ಅದನ್ನ ಹೇಳಮ್ಮ," ಎಂದ ಹೆಕ್ಟರ್.

"ಯಾರೂ ತಂದಿಲ್ಲ ಸರ್. ಹಿಮಯುಗ ಮುಗಿದ ಕಾಲದಿಂದಲೂ ಕೊಲ್ಲಿಯ ಮೂಲೇಲಿ ಒಂದಿಷ್ಟು ಇದ್ದಿರಬೇಕು. ಬಂಡೆ ಮೇಲೆ ತೆಳು ಚಿಪ್ಪು ಬದುಕಲ್ಲ. ಅಲೆ ಬಿಡಲ್ಲ, ಏಡಿ ಬಿಡಲ್ಲ. ನೀವು ಹಗ್ಗ ಇಳಿಬಿಟ್ರಿ. ಹೊಳೆಯ ಸಿಹಿನೀರು ಮೇಲೆ ನಿಲ್ಲೋ ಜಾಗ, ಅಲೇನೂ ಇಲ್ಲ, ಏಡೀನೂ ಇಲ್ಲ. ಅದಕ್ಕೆ ಇನ್ನೇನು ಬೇಕು?"

ಒಂದೊಂದೇ ತಲೆ ಫಾರ್ಕರ್‌ನ ಕಡೆಗೆ ತಿರುಗಿತು. ಅವನು ತನ್ನ ಟೋಪಿಯ ಒಳಗೆ ಏನೋ ಬರೆದಿದೆ ಎಂಬಂತೆ ಅದನ್ನೇ ನೋಡುತ್ತಿದ್ದ.

ಇರುವ ದಾರಿ ಒಂದೇ ಎಂದಳು ಹುಡುಗಿ. ಐದೂ ಮನೆಯವರು ಎಲ್ಲ ಹಗ್ಗ ಎತ್ತಬೇಕು. ಎರಡು ವಸಂತ ಕೊಲ್ಲಿ ಖಾಲಿ ಇರಬೇಕು. ಆಮೇಲೆ ಪರೀಕ್ಷೆ ಮಾಡಿದ ಬೀಜ ತಂದು ಹೊಸದಾಗಿ ಶುರುಮಾಡಬಹುದು. "ಒಬ್ಬರು ಬಿಟ್ಟರೂ ಉಳಿದವರ ಶ್ರಮ ದಂಡ. ನೀರಿಗೆ ಬೇಲಿ ಹಾಕೋಕಾಗಲ್ಲ."

ಒಪ್ಪುವವರು ಕೈಯೆತ್ತಿ ಎಂದಾಗ ಎಲ್ಲರ ಕೈಯೂ ಮೇಲೆ ಹೋಯಿತು. ಹೆಕ್ಟರ್ ಎರಡೂ ಕೈಯೆತ್ತಿದ. ಡೂಗಲ್ ಎತ್ತಿದ್ದನ್ನು ಊನಾ ಕಣ್ಣಾರೆ ಕಂಡಳು.

ಆ ಸಂಜೆ ಅಡುಗೆಮನೆಯಲ್ಲಿ ಅವಳು ಗಂಡನಿಗೆ ಹೇಳಿದಳು: "ಮೊದಲು ಅವರು ಎತ್ತಲಿ. ನೋಡ್ಕೊಂಡು ನಾವು ಎತ್ತಿದರಾಯ್ತು."

"ಎಲ್ಲರ ಮನೇಲೂ ಈಗ ಇದೇ ಮಾತು ನಡೀತಿದ್ರೆ?"

"ನಡೀಲಿ. ನೀನ್ಯಾಕೆ ಮುಂದೆ ಬೀಳಬೇಕು?"

"ಮೊದಲು ಇಳಿಸಿದೋನು ನಾನಲ್ವಾ," ಎಂದು ಫಾರ್ಕರ್ ಗಂಜಿಯ ಬಟ್ಟಲು ತೊಳೆಯತೊಡಗಿದ.

*

ಚರ್ಚಿನ ಗೇಟಿನ ಬಳಿ ಗಂಡಸರು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದರು. ಹೆಕ್ಟರ್‌ನ ಕೋಟಿನ ಜೇಬಿನಿಂದ ಚಪ್ಪಟೆ ವಿಸ್ಕಿ ಬಾಟಲಿ ಹೊರಬಂದು ಕೈಯಿಂದ ಕೈಗೆ ಹೋಗುತ್ತಿತ್ತು.

"ನಿಂಗೂ ಬಂತಾ?" ಎಂದ ಹಿರಿಯ ಮೆಕ್‌ಇಂಟೈರ್.

"ಬಂತು." ಹೆಕ್ಟರ್ ಬೆರಳ ನಡುವಿನ ಚಿಕ್ಕ ಬಿಳಿ ಕಾರ್ಡು ತೋರಿಸಿದ. ಅದರಲ್ಲಿ ಐದು ಎಂದು ಅಚ್ಚಾಗಿತ್ತು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗ, ಎಂಟು ಜನ. ಯಾರು ಯಾವ ಹಗ್ಗ ಹಿಡಿಯಬೇಕೆಂದು ಸತ್ತವರ ಮನೆಯವರು ಕಾರ್ಡು ಕೊಟ್ಟು ಹೇಳುವುದು ಅಲ್ಲಿನ ರೂಢಿ. ಹತ್ತಿರದವರಿಗಷ್ಟೇ ಸಿಗುವ ಗೌರವ ಅದು.

"ನಮಗಿಬ್ಬರಿಗೂ ಕೊಟ್ಟಿದ್ದಾಳೆ. ನೀಲ್‌ಗೂ ಕೊಟ್ಟಿದ್ದಾಳೆ. ಅವಳ ಮನಸ್ಸಲ್ಲಿ ಏನಿದೆಯೋ."

"ಗೌರವಾನೋ, ಶಿಕ್ಷೇನೋ. ಯಾವುದಾದ್ರೂ ಹಿಡ್ಕೊಳ್ಳೋದು ಹಗ್ಗಾನೇ ತಾನೆ," ಎಂದು ಹೆಕ್ಟರ್ ಬಾಟಲಿ ಮುಚ್ಚಿದ. ಜೇಬಿಗಿಟ್ಟು ನಕ್ಕ. "ಫಾರ್ಕರ್ ಒಂದು ದಿನವಾದ್ರೂ ಪಚ್ಚಿಲೆ ತಿಂದಿದ್ದನ್ನ ನೋಡಿದ್ದೀರಾ? ಅವನು ಅದನ್ನ ಮುಟ್ತಿರ್ಲಿಲ್ಲ ಮಾರಾಯ. ತಾನು ಅಡಗಿಸಿಟ್ಕೊಂಡಿದೀನಿ ಅಂದ್ಕೊಂಡಿದ್ದ. ಊರಿಗೆಲ್ಲ ಗೊತ್ತಿತ್ತು."

"ಊರಿಗೆ ಗೊತ್ತಿದ್ದು ಅದೊಂದೇ ಅಲ್ಲ. ನಾವು ಅವನಿಗೆ ಮಾಡಿದ್ದೂ ಗೊತ್ತು," ಎಂದ ನೀಲ್. ನಗು ಅಲ್ಲಿಗೆ ನಿಂತಿತು.

ಡೂಗಲ್ ಅವರಿಂದ ದೂರ, ಗೋಡೆಯ ಮೂಲೆಯಲ್ಲಿ ಒಬ್ಬನೇ ಇದ್ದ. ಅವನ ಕೈಯಲ್ಲಿ ಕಾರ್ಡು ಇರಲಿಲ್ಲ.

ಕ್ರೈಟನ್ ಕಾರಿನ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಊನಾಳಿಗೆ ಹೇಳಿದ: "ಅಮ್ಮ, ತಲೆಯ ಹಗ್ಗ ಮಗಳು ಹಿಡೀತಾರೆ ಅಂದ್ರಿ, ಸರಿ. ಇಬ್ಬರು ದಾಯಾದಿಗಳು ಬಂದಿದ್ದಾರೆ. ಎರಡನೇದು ಇನ್ನೂ ನಿಮ್ಮ ಹತ್ರಾನೇ ಇದೆ. ಪಾದದ ಕಡೇದು."

"ಇದೆ."

"ಒಂದು ಹಗ್ಗ ಖಾಲಿ ಬಿಟ್ಟರೆ ಪೆಟ್ಟಿಗೆ ಓರೆಯಾಗುತ್ತೆ."

"ನಂಗೆ ಗೊತ್ತಪ್ಪ," ಎಂದು ಊನಾ ಕೋಟಿನ ಜೇಬಿನೊಳಗೆ ಕಾರ್ಡನ್ನು ಬೆರಳಿನಿಂದ ಮಡಚಿದಳು, ಬಿಡಿಸಿದಳು.

*

ಹಾಲ್‌ನಲ್ಲಿ ಕೈಯೆತ್ತಿದ ಮುಂದಿನ ಸೋಮವಾರವೇ ಫಾರ್ಕರ್ ಹಗ್ಗ ಎತ್ತಲು ಶುರುಮಾಡಿದ್ದ. ಮಾರ್ಸಲಿ ರಜೆ ಹಾಕಿ ಬಂದಳು. ಅಪ್ಪ ಹಗ್ಗ ಎತ್ತುತ್ತಿದ್ದ, ಮಗಳು ಕೆರೆಯುತ್ತಿದ್ದಳು, ಊನಾ ಸಲಿಕೆಯಿಂದ ಎತ್ತಿ ಟ್ರೇಲರಿಗೆ ತುಂಬುತ್ತಿದ್ದಳು. ಒಡೆದದ್ದು, ಒಡೆಯದ್ದು, ಬೆರಳುಗುರಿನಷ್ಟು ಚಿಕ್ಕದ್ದು, ಎಲ್ಲವೂ ಹಳೆಯ ಕಲ್ಲುಗಣಿಯ ಹೊಂಡಕ್ಕೆ. ಜೀವವಿದ್ದ ಪಚ್ಚಿಲೆ ಗುಡ್ಡೆಯೊಳಗೆ ಚಿಪ್ಪು ಮುಚ್ಚಿಕೊಳ್ಳುವ ಟಿಕ್ ಟಿಕ್ ಸದ್ದು ಊಟದ ಹೊತ್ತಿನಲ್ಲೂ ಊನಾಳ ಕಿವಿಯಲ್ಲಿರುತ್ತಿತ್ತು. ಕಡಲಹಕ್ಕಿಗಳು ಹೊಂಡದ ಮೇಲೆ ಕಿರುಚಾಡಿದವು. ವಾಸನೆ ಬಟ್ಟೆಯಿಂದ ಹೋಗಲೇ ಇಲ್ಲ.

ಉಳಿದವರು ದಂಡೆಯಿಂದ ನೋಡುತ್ತಿದ್ದರು. ಡೂಗಲ್‌ನ ದೋಣಿಯ ಎಂಜಿನ್ ಕೆಟ್ಟಿತ್ತು. ಹೆಕ್ಟರ್‌ಗೆ ಸೊಂಟ ಹಿಡಿದಿತ್ತು. ಮೆಕ್‌ಇಂಟೈರ್‌ಗಳು ಎತ್ತುತ್ತಾರೇನೋ ನೋಡೋಣ ಎಂದ ನೀಲ್. ನೀಲ್ ಎತ್ತಲಿ ಎಂದರು ಮೆಕ್‌ಇಂಟೈರ್‌ಗಳು. ಅಷ್ಟರಲ್ಲಿ ಕ್ರಿಸ್‌ಮಸ್ ಹತ್ತಿರ ಬಂತು. ಹೊಸ ಕಾರ್ಖಾನೆಯವನೊಬ್ಬ ಬಂದು, ಚಿಪ್ಪು ಹೇಗಿದ್ದರೇನು, ನಾವು ಬೇಯಿಸಿ ಮಾಂಸ ತೆಗೆದು ಡಬ್ಬಿಗೆ ಹಾಕುವವರು, ಇದ್ದದ್ದನ್ನೆಲ್ಲ ಕೊಡಿ ಎಂದ. ಎಂಜಿನ್ ರಿಪೇರಿಯಾಯಿತು. ಸೊಂಟವೂ ನೆಟ್ಟಗಾಯಿತು. ಫಾರ್ಕರ್‌ನ ಹತ್ತಿರ ಕೊಡಲು ಒಂದು ಬುಟ್ಟಿ ಪಚ್ಚಿಲೆಯೂ ಇರಲಿಲ್ಲ.

ಎರಡು ವಸಂತ ಕಳೆದು ಅವನು ಹೊಸ ಹಗ್ಗ ಇಳಿಬಿಟ್ಟ. ಪರೀಕ್ಷೆ ಮಾಡಿದ ಬೀಜವನ್ನೇ ತಂದಿದ್ದ. ಅದರ ಮೇಲೆ ಕೊಲ್ಲಿಯ ಬೀಜ ಬಂದು ಕೂತಿತು. ಹುಡುಗಿ ಮತ್ತೆ ಚೂರು ಕತ್ತರಿಸಿಕೊಂಡು ಹೋದಳು. ವಾಪಸು ಬಂದಾಗ ಅಡುಗೆಮನೆಯಲ್ಲಿ ಚಹಾ ಮುಟ್ಟದೆ ಕೂತಳು.

"ಹೇಳಮ್ಮ," ಎಂದ ಫಾರ್ಕರ್.

"ಮೊದಲಿಗಿಂತ ಜಾಸ್ತಿ ಇದೆ. ಬೆರಕೇನೇ ಜಾಸ್ತಿ."

"ಯಾರ ಹಗ್ಗದಿಂದ ಬಂದಿದ್ದು ಅಂತ ಗೊತ್ತಾಗುತ್ತಾ?"

"ಇಲ್ಲ. ಅವು ಬೀಜ ಬಿಡೋದೇ ನೀರಿಗೆ. ಯಾರದ್ದು ಎಲ್ಲಿ ಕೂಡ್ತು ಅಂತ ಹೇಳೋಕೆ ನನ್ನ ಕೈಲಾಗಲ್ಲ."

"ನಂಗೆ ಗೊತ್ತಾಗುತ್ತೆ," ಎಂದ ಫಾರ್ಕರ್. "ಇಲ್ಲಿ ಕೂತರೆ ಕಿಟಕೀಲೇ ಕಾಣುತ್ತಲ್ಲ."

ಆಮೇಲಿನ ಭಾನುವಾರ ಅವನು ಚರ್ಚಿಗೆ ಹೊರಡಲಿಲ್ಲ. ಭಾನುವಾರ ದೋಣಿ ಮುಟ್ಟುವವರು ಆ ದಂಡೆಯಲ್ಲಿ ಯಾರೂ ಇರಲಿಲ್ಲ. ಅವನು ಹಿತ್ತಲ ಬಾಗಿಲಲ್ಲಿ ಕೂತು ಹಗ್ಗ ಕೊಯ್ಯುವ ಚಾಕುವನ್ನು ಮಸೆದ. ಊನಾ ನೋಡಿದಳು. ಏನೂ ಕೇಳಲಿಲ್ಲ. ಟೋಪಿ ಹಾಕಿಕೊಂಡು ಒಬ್ಬಳೇ ಚರ್ಚಿಗೆ ಹೋದಳು. ಪಾದ್ರಿಯ ಒಂದು ಮಾತೂ ಅವಳ ತಲೆಗೆ ಹತ್ತಲಿಲ್ಲ. ತಮ್ಮನ ಬುರುಡೆಗಳು ಒಂದೊಂದಾಗಿ ಕೊಲ್ಲಿಯಲ್ಲಿ ದಿಕ್ಕು ತಪ್ಪಿ ತೇಲುವುದನ್ನೇ ಕಣ್ಣಮುಂದೆ ತಂದುಕೊಂಡು, ಬಾಯಲ್ಲಿ ಕೀರ್ತನೆ ಹೇಳಿದಳು.

ಮನೆಗೆ ಬಂದರೆ ಬುರುಡೆಗಳು ಇದ್ದಲ್ಲೇ ಇದ್ದವು. ಫಾರ್ಕರ್ ಒಲೆಯ ಮುಂದೆ ಒದ್ದೆ ಕಾಲುಚೀಲ ಒಣಗಿಸುತ್ತಿದ್ದ.

"ಕುಯ್ಯಲಿಲ್ವಾ?"

"ಹೋಗಿದ್ದೆ. ಹಗ್ಗ ಕೈಲಿ ಹಿಡಿದೆ." ಅವನು ಕಾಲುಚೀಲವನ್ನು ಮಗುಚಿ ಹಿಡಿದ. "ಎಲ್ಲಾ ನಾನೇ ಹಾಕಿದ ಗಂಟು ಕಣೆ."

ಊನಾ ಆ ಮಧ್ಯಾಹ್ನ ಅವನಿಗೆ ಊಟ ಬಡಿಸಲಿಲ್ಲ. ತಮ್ಮನ ಮೇಲಿನ ಸಿಟ್ಟಿಗಿಂತ ಗಂಡನ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು. ಅದೇ ಚಳಿಗಾಲ ಫಾರ್ಕರ್ ತೆಪ್ಪ ಬಿಚ್ಚಿ ಮಾರಿ, ಡೂಗಲ್‌ನ ಶೆಡ್ಡಿನಲ್ಲಿ ವಿಂಗಡಿಸುವ ಯಂತ್ರದ ಮುಂದೆ ಕೂಲಿಗೆ ನಿಂತಾಗ ಅವಳು ಅವನ ಹಾಸಿಗೆಯನ್ನು ಖಾಲಿ ಬಿದ್ದಿದ್ದ ಮಗಳ ಕೋಣೆಗೆ ಸರಿಸಿದಳು. "ಊರಲ್ಲಿ ಬೇರೆ ಕೆಲಸ ಎಲ್ಲಿದೆ?" ಎಂದು ಅವನು ಕೇಳಿದ. ಆ ಮಾತು ನಿಜವಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಅವನು ಸಾಯುವ ತನಕ ಆ ಶೆಡ್ಡಿನಲ್ಲೇ ದುಡಿದ. ಹಾಸಿಗೆ ಮಗಳ ಕೋಣೆಯಲ್ಲೇ ಉಳಿಯಿತು.

*

ಪ್ರಾರ್ಥನೆ ಮುಗಿದು ಜನ ಸಮಾಧಿಯ ಕಡೆಗೆ ಹೊರಟರು. ಡೂಗಲ್ ಗೋಡೆಯ ಬಳಿ ಕಾದಿದ್ದ. ಊನಾ ಹತ್ತಿರ ಬಂದಾಗ ಟೋಪಿ ತೆಗೆದ.

"ಅಕ್ಕ, ಲಾರಿ ಬರೋದು ಬೇಡ ಅಂತ ಹೇಳಿದ್ದೆ. ಅವರು ಕೇಳ್ಲಿಲ್ಲ."

"ನೀನು ಹೇಳಿದ್ದನ್ನ ಯಾರು ನಂಬಬೇಕು?"

ಡೂಗಲ್ ಅದನ್ನು ನುಂಗಿಕೊಂಡ. "ನಾನೇ ಮೊದಲು ನೋಡಿದ್ದು ಭಾವನ್ನ. ಯಂತ್ರದ ಹತ್ರ ಬಿದ್ದಿದ್ದ. ಕೈಲಿದ್ದ ಪೈಪಿಂದ ನೀರು ಹರೀತಾನೇ ಇತ್ತು. ಎಬ್ಬಿಸೋಕೆ ಹೋದೆ..."

"ಅದನ್ನ ಅವತ್ತೇ ಹೇಳಿದ್ದೀಯ."

"ಇನ್ನೊಂದು ಹೇಳಿಲ್ಲ." ಅವನ ದನಿ ಇಳಿಯಿತು. "ಆ ಭಾನುವಾರ ನಾನೂ ಚರ್ಚಿಗೆ ಬಂದಿರ್ಲಿಲ್ಲ. ಕೊಟ್ಟಿಗೆ ಹಿಂದೆ ನಿಂತಿದ್ದೆ. ಭಾವ ದೋಣಿ ತಗೊಂಡು ನನ್ನ ಸಾಲಿಗೆ ಬಂದ. ಚಾಕು ತೆಗೆದ. ನಾನು ಕೂಗ್ಲಿಲ್ಲ ಅಕ್ಕ. ಕುಯ್ಯಲಿ ದೇವರೇ, ಒಂದೂ ಬಿಡದ ಹಾಗೆ ಕುಯ್ದುಬಿಡಲಿ ಅಂತ ಬೇಡಿಕೊಂಡೆ. ಕುಯ್ದಿದ್ರೆ ಎಲ್ಲಾ ಅಲ್ಲಿಗೇ ಮುಗಿದುಹೋಗ್ತಿತ್ತು. ನನ್ನ ಪಾಡಿಗೆ ನಾನು ತಲೆ ಎತ್ಕೊಂಡು ಓಡಾಡ್ತಿದ್ದೆ."

ಊನಾ ತಮ್ಮನ ಮುಖವನ್ನೇ ನೋಡಿದಳು. ಗಾಳಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು, ಅಥವಾ ಗಾಳಿಗಲ್ಲವೋ ಏನೋ.

"ನಿನ್ನ ಹತ್ರ ಚಾಕು ಇರ್ಲಿಲ್ವೇನೋ?" ಎಂದಳು.

ಡೂಗಲ್ ಟೋಪಿಯನ್ನು ಎದೆಗೊತ್ತಿಕೊಂಡ.

ಊನಾ ಜೇಬಿನಿಂದ ಮಡಿಕೆ ಬಿದ್ದ ಕಾರ್ಡು ತೆಗೆದು ಅವನ ಕೋಟಿನ ಗುಂಡಿಯ ಸಂದಿಗೆ ತುರುಕಿದಳು. "ತಗೋ. ಪಾದದ ಕಡೇದು. ನಿನ್ನ ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡ. ಅವನನ್ನ ಓರೆಯಾಗಿ ಇಳಿಸಬಾರದು, ಅಷ್ಟೇ."

ಹೆಂಗಸರು ಗೇಟಿನ ಬಳಿಯೇ ಉಳಿಯುವುದು ಊರಿನ ಹಳೆಯ ಪದ್ಧತಿ. ಊನಾ ನಿಲ್ಲಲಿಲ್ಲ. ಮಗಳ ಹಿಂದೆಯೇ ಹೋಗಿ ಗುಂಡಿಯ ಅಂಚಿನಲ್ಲಿ, ಅಗೆದ ಮಣ್ಣಿನ ಪಕ್ಕ ನಿಂತಳು. ಪಾದ್ರಿ ಎರಡು ಮಾತು ಓದಿದ. ಕ್ರೈಟನ್ ಸಂಖ್ಯೆ ಕೂಗಿದ. ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಹಗ್ಗ ಹಿಡಿದರು. ತಲೆಯ ಬಳಿ ಮಾರ್ಸಲಿ, ಪಾದದ ಬಳಿ ಡೂಗಲ್, ಬದಿಗಳಲ್ಲಿ ಹೆಕ್ಟರ್, ನೀಲ್, ಮೆಕ್‌ಇಂಟೈರ್‌ಗಳು, ದಾಯಾದಿಗಳು. ಕೆಳಗಿದ್ದ ಹಲಗೆಗಳನ್ನು ಎಳೆದುಕೊಂಡರು. ಭಾರ ಕೈಗೆ ಬಂತು.

"ಎಲ್ಲರೂ ಒಟ್ಟಿಗೆ. ನಿಧಾನ," ಎಂದ ಕ್ರೈಟನ್.

ಹೇಳುವ ಅಗತ್ಯವೇ ಇರಲಿಲ್ಲ. ಅವರೆಲ್ಲ ಹಗ್ಗದಲ್ಲೇ ಬದುಕಿದ ಮಂದಿ. ಒಬ್ಬನ ಕೈ ಬಿಟ್ಟಷ್ಟೇ ಇನ್ನೊಬ್ಬನ ಕೈಯೂ ಬಿಟ್ಟಿತು. ಯಾರೂ ಮುಂದೆ ಹೋಗಲಿಲ್ಲ, ಯಾರೂ ಹಿಂದೆ ಉಳಿಯಲಿಲ್ಲ. ಪೆಟ್ಟಿಗೆ ಒಂದು ಬದಿಗೂ ತಾಗದೆ, ಒಂದಿಷ್ಟೂ ವಾಲದೆ, ನೆಟ್ಟಗೆ ಕೆಳಗಿಳಿದು ಸದ್ದಿಲ್ಲದೆ ಕೂತಿತು.

"ಎಷ್ಟು ಚೆನ್ನಾಗಿ ಮಾಡಿದ್ರಿ," ಎಂದಳು ಊನಾ. ದನಿ ಎತ್ತರಿಸಲಿಲ್ಲವಾದರೂ ಎಲ್ಲರಿಗೂ ಕೇಳಿಸಿತು. "ಒಟ್ಟಿಗೆ ಮಾಡೋಕೆ ಬರುತ್ತೆ ನಿಮಗೆ."

ಹೆಕ್ಟರ್ ತಲೆ ತಗ್ಗಿಸಿದ. ಕಿರಿಯ ಮೆಕ್‌ಇಂಟೈರ್ ಕೊಲ್ಲಿಯ ಕಡೆಗೆ ಮುಖ ತಿರುಗಿಸಿ, ಅಲ್ಲಿ ಬುರುಡೆಗಳು ಕಂಡಿದ್ದರಿಂದ ಮತ್ತೆ ಇತ್ತ ತಿರುಗಿದ.

"ಹಗ್ಗ ಬಿಡಬಹುದು," ಎಂದ ಕ್ರೈಟನ್.

ಹಗ್ಗಗಳು ಪೆಟ್ಟಿಗೆಯ ಮೇಲೆ ಬಿದ್ದವು. ಮಾರ್ಸಲಿ ತನ್ನದನ್ನು ಬಗ್ಗಿ ಮೆಲ್ಲಗೆ ಬಿಟ್ಟಳು. ಪಾದದ ಕಡೆಯದು ಬೀಳಲಿಲ್ಲ. ನೀರಿನಿಂದ ಭಾರ ಎಳೆಯುವವರು ಮಾಡುವ ಹಾಗೆ ಡೂಗಲ್ ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಈಗ ಅದು ಬಿಗಿದು ಬೆರಳುಗಳು ಬೆಳ್ಳಗಾಗಿದ್ದವು. ಬಿಡಿಸಿಕೊಳ್ಳುವುದು ಹೇಗೆಂದು ಮರೆತವನಂತೆ ಕೈಯನ್ನೇ ನೋಡುತ್ತಿದ್ದ.

ಕ್ರೈಟನ್ ಹೆಜ್ಜೆ ಮುಂದಿಟ್ಟ. ಅವನಿಗಿಂತ ಮೊದಲು ಊನಾ ಗುಂಡಿಯನ್ನು ಬಳಸಿ ಹೋದಳು. ಕೈಗವಸು ತೆಗೆದು ತಮ್ಮನ ಮಣಿಕಟ್ಟು ಹಿಡಿದಳು. ಒಂದು ಸುತ್ತು ಬಿಡಿಸಿದಳು, ಇನ್ನೊಂದು ಸುತ್ತು ಬಿಡಿಸಿದಳು. ಅಂಗೈಯಲ್ಲಿ ಹಗ್ಗದ ಹುರಿ ಕೆಂಪಗೆ ಮೂಡಿತ್ತು. ಅವಳು ಅದರತ್ತ ನೋಡದೆ ಹಗ್ಗದ ತುದಿಯನ್ನು ತಾನೇ ಕೆಳಗೆ ಬಿಟ್ಟು, ಮಗಳ ಪಕ್ಕಕ್ಕೆ ಹೋಗಿ ನಿಂತಳು. ಡೂಗಲ್‌ನ ಕೈ ಮಾತ್ರ ಏನನ್ನೋ ಹಿಡಿದಿರುವಂತೆ ಅರ್ಧ ಮಡಚಿ, ಗುಂಡಿಯ ಮೇಲೆ ಗಾಳಿಯಲ್ಲಿ ಹಾಗೆಯೇ ಚಾಚಿಕೊಂಡಿತ್ತು.